ಬದುಕಿ ಬಂದವನ ಮನೆಯವರು

"ಜೀವ ಉಳೀತಲ್ಲ, ಅದೇ ದೊಡ್ಡದು." ಬೈಕ್ ಆಕ್ಸಿಡೆಂಟ್‌ನಲ್ಲಿ ಅಣ್ಣನ ತಲೆಗೆ ಪೆಟ್ಟಾದ ಮೇಲೆ ನಮ್ಮನ್ನು ನೋಡಲು ಬಂದವರೆಲ್ಲ ಹೇಳಿದ ಮಾತು ಇದು. ಪ್ರೀತಿಯಿಂದಲೇ ಹೇಳಿದರು. ಅದರಲ್ಲಿ ಸುಳ್ಳೂ ಇಲ್ಲ. ಐಸಿಯು ಬಾಗಿಲ ಹೊರಗೆ ನಿಂತಿದ್ದಾಗ ನಾವು ಬೇಡಿಕೊಂಡಿದ್ದೂ ಅದನ್ನೇ ಅಲ್ವಾ? ಆದರೆ ವರ್ಷಗಳು ಕಳೆದ ಮೇಲೂ ಆ ಮಾತು ಕಿವಿಗೆ ಬಿದ್ದಾಗ ಅತ್ತಿಗೆಯ ಮುಖ ಬಿಗಿಯಾಗುವುದನ್ನು ನೋಡಿದ್ದೇನೆ. ಯಾಕೆ ಹೀಗೆ ಅಂತ ತುಂಬಾ ಯೋಚಿಸಿದ್ದೇನೆ. ಆ ಮಾತು ಬಂದ ಕೂಡಲೇ ಮುಂದೆ ಆಡುವುದಕ್ಕೆ ಏನೂ ಉಳಿಯುವುದಿಲ್ಲ. ಜೀವ ಉಳಿದಿದೆ, ಇನ್ನು ದುಃಖ ಯಾತಕ್ಕೆ ಎಂಬ ಪ್ರಶ್ನೆ ಅದರ ಹಿಂದೆಯೇ ಬಂದು ನಿಲ್ಲುತ್ತದೆ. ಸಾವಾದ ಮನೆಯಲ್ಲಿ ಅಳುವವರಿಗೆ ಎಲ್ಲರೂ ಜಾಗ ಬಿಡುತ್ತಾರೆ. ಬದುಕಿ ಬಂದವನ ಮನೆಯಲ್ಲಿ ಅತ್ತರೆ, ಇವರಿಗೆ ಇನ್ನೇನು ಬೇಕಿತ್ತು ಅಂತ ಮುಖ ನೋಡುತ್ತಾರೆ.

ನಮಗೆ ಬೇಕಿದ್ದದ್ದು ಅಣ್ಣ. ಅವನ ಮೈ ಮನೆಗೆ ಬಂತು. ದನಿ ಬಂತು. ನಡಿಗೆಯೂ ಹೆಚ್ಚುಕಮ್ಮಿ ಮೊದಲಿನ ಹಾಗೇ ಬಂತು. ಆದರೆ ಅವನೊಳಗಿನ ಏನೋ ಒಂದು ವಾಪಸ್ ಬರಲೇ ಇಲ್ಲ. ಅದು ಏನು ಅಂತ ಹೇಳಿಕೊಳ್ಳುವುದಕ್ಕೂ ನಮಗೆ ಬಹಳ ಕಾಲ ಬೇಕಾಯಿತು. ಈ ಬಗೆಯ ದುಃಖವನ್ನು ಮೊದಲು ಸರಿಯಾಗಿ ಗುರುತಿಸಿದವರಲ್ಲಿ ಅಮೆರಿಕದ ಕುಟುಂಬ ಚಿಕಿತ್ಸಕಿ ಪಾಲಿನ್ ಬಾಸ್ ಒಬ್ಬರು. 1970ರ ದಶಕದಲ್ಲಿ ಅವರು ವಿಯೆಟ್ನಾಂ ಯುದ್ಧದಲ್ಲಿ ಕಾಣೆಯಾದ ಸೈನಿಕರ ಮನೆಯವರ ಜೊತೆ ಕೆಲಸ ಮಾಡಿದರು. ಸತ್ತಿದ್ದಾನೋ ಬದುಕಿದ್ದಾನೋ ಗೊತ್ತಿಲ್ಲದ ಮನೆಗಳು ಅವು. ಮನುಷ್ಯ ಕಣ್ಣೆದುರಿಗಿಲ್ಲ, ಆದರೆ ಮನೆಯವರ ಮನಸ್ಸಿನಲ್ಲಿ ಇನ್ನೂ ಇದ್ದಾನೆ. ಇದರ ಇನ್ನೊಂದು ಮುಖವನ್ನೂ ಬಾಸ್ ತೋರಿಸಿದರು. ಮನುಷ್ಯ ಕಣ್ಣೆದುರಿಗೇ ಇದ್ದಾನೆ, ಆದರೆ ನಾವು ಬಲ್ಲ ಮನುಷ್ಯ ಅಲ್ಲಿಲ್ಲ. ಮರೆವಿನ ಕಾಯಿಲೆಯವರ ಮನೆಗಳಲ್ಲಿ ಇರುವುದು ಇದು. ತಲೆಗೆ ಪೆಟ್ಟಾದವರ ಮನೆಗಳಲ್ಲಿ ಇರುವುದೂ ಇದೇ. ಎರಡರಲ್ಲೂ ಕಷ್ಟ ಏನೆಂದರೆ, ಕಳೆದುಕೊಂಡೆವು ಅಂತ ಹೇಳಲು ಒಂದು ತಾರೀಕೇ ಇರುವುದಿಲ್ಲ.

ಅಂಕಿಯ ಮೇಲೆ ಬದುಕಿದ ದಿನಗಳು

ಆಸ್ಪತ್ರೆಯ ದಿನಗಳ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅಲ್ಲಿ ಕೂತವರಿಗೆ ಅದು ಗೊತ್ತು. ಆದರೆ ಒಂದು ವಿಷಯ ಹೇಳಬೇಕು. ಆ ದಿನಗಳಲ್ಲಿ ಅಮ್ಮ ಪೂರಾ ಒಂದು ಅಂಕಿಯ ಮೇಲೆ ಬದುಕಿದ್ದಳು. ಡಾಕ್ಟರು ಹೊರಗೆ ಬಂದರೆ ಸಾಕು, "ಇವತ್ತು ಎಷ್ಟು?" ಅಂತ ಕೇಳುತ್ತಿದ್ದಳು. ಗ್ಲಾಸ್ಗೋ ಕೋಮಾ ಸ್ಕೇಲ್‌ನ ಅಂಕಿ ಅದು. 1974ರಲ್ಲಿ ಗ್ಲಾಸ್ಗೋದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯನ್ ಜೆನೆಟ್ ಎಂಬ ಇಬ್ಬರು ನರಶಸ್ತ್ರಚಿಕಿತ್ಸಕರು ರೋಗಿಗೆ ಎಷ್ಟು ಎಚ್ಚರ ಇದೆ ಅಂತ ನೋಡಲು ಮಾಡಿಟ್ಟ ಅಳತೆ. ಕಣ್ಣು ಬಿಡುವುದಕ್ಕೆ ಹೆಚ್ಚೆಂದರೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಎಲ್ಲಾ ಸೇರಿ 15. ಎಂಟು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗಂಭೀರ. ತೀರಾ ಕೆಳಗಿನ ಅಂಕಿ 3, ಸೊನ್ನೆ ಇಲ್ಲ. ಅಮ್ಮನಿಗೆ ಇಷ್ಟೆಲ್ಲ ಗೊತ್ತಿರಲಿಲ್ಲ. ಅಂಕಿ ಏರಿದ ದಿನ ಊಟ ಮಾಡುತ್ತಿದ್ದಳು, ಇಳಿದ ದಿನ ಇಲ್ಲ. ಆ ಅಂಕಿ ಡಾಕ್ಟರಿಗೆ ಈ ಹೊತ್ತಿನ ಸ್ಥಿತಿ ಹೇಳುತ್ತದೆ. ಇನ್ನೊಂದು ವರ್ಷದ ನಂತರ ಮನೆಯ ಹಾಲಿನಲ್ಲಿ ಕೂತಿರುವ ಮನುಷ್ಯ ಹೇಗಿರುತ್ತಾನೆ ಅಂತ ಹೇಳುವ ಕೆಲಸ ಅದರದ್ದಲ್ಲ. ಹಾಗಿದ್ದರೂ ಕೈಗೆ ಸಿಕ್ಕಿದ್ದು ಅದೊಂದೇ. ಅದನ್ನು ಬಿಗಿಯಾಗಿ ಹಿಡಿದುಕೊಂಡೆವು.

ಎಚ್ಚರ ಆಗುವುದು ಅಂದರೆ ಏನು ಎಂಬ ಬಗ್ಗೆ ನಮ್ಮೆಲ್ಲರ ತಲೆಯಲ್ಲಿ ಒಂದು ಚಿತ್ರ ಇತ್ತು. ಕಣ್ಣು ಬಿಡುತ್ತಾನೆ, ಸುತ್ತ ನೋಡುತ್ತಾನೆ, ಹೆಂಡತಿಯ ಹೆಸರು ಕರೆಯುತ್ತಾನೆ. ಹಾಗೆ ಆಗಲಿಲ್ಲ. ಮೊದಲು ಕಣ್ಣು ಬಿಟ್ಟ, ಯಾರನ್ನೂ ನೋಡಲಿಲ್ಲ. ಆಮೇಲೆ ಕೈಯಾಡಿಸಿದ. ಆಮೇಲೆ ಒಂದು ದಿನ ಟ್ಯೂಬು ಕಿತ್ತು ಹಾಕಿದ, ನರ್ಸಿಗೆ ಬೈದ, ಅಮ್ಮನ ಕೈಗೆ ಹೊಡೆದ. ಜನ್ಮದಲ್ಲಿ ಅವನ ಬಾಯಲ್ಲಿ ಕೇಳದ ಬೈಗುಳ ಅವು. ಅತ್ತಿಗೆ ಹೊರಗೆ ಬಂದು ಗೋಡೆಗೆ ಒರಗಿ ನಿಂತಳು. ಇದು ಚೇತರಿಕೆಯ ದಾರಿಯಲ್ಲಿ ಬರುವ ಒಂದು ಹಂತ ಅಂತ ಆಮೇಲೆ ತಿಳಿಯಿತು. ಕ್ಯಾಲಿಫೋರ್ನಿಯಾದ ರಾಂಚೋ ಲಾಸ್ ಅಮಿಗೋಸ್ ಆಸ್ಪತ್ರೆಯವರು 1970ರ ದಶಕದಲ್ಲಿ ಈ ಹಂತಗಳನ್ನು ಪಟ್ಟಿ ಮಾಡಿದ್ದರು. ಗೊಂದಲ ಮತ್ತು ರೇಗಾಟದ ಹಂತ ಅದರಲ್ಲಿ ನಾಲ್ಕನೆಯದು. ಅಂದರೆ ಅವನು ಬೈಯುತ್ತಿದ್ದದ್ದು ಮುಂದಕ್ಕೆ ಇಟ್ಟ ಹೆಜ್ಜೆ. ಇಷ್ಟನ್ನು ಯಾರಾದರೂ ಮೊದಲೇ ಹೇಳಿದ್ದರೆ ಅತ್ತಿಗೆ ಆ ರಾತ್ರಿ ಸ್ವಲ್ಪ ಕಡಿಮೆ ಅಳುತ್ತಿದ್ದಳು. ಡಾಕ್ಟರುಗಳಿಗೆ ನನ್ನ ಒಂದೇ ಒಂದು ಬೇಡಿಕೆ ಇದ್ದರೆ ಅದು ಇದು: ಮುಂದೆ ಏನು ಬರಬಹುದು ಅಂತ ಮನೆಯವರಿಗೆ ಎರಡು ಮಾತು ಹೇಳಿ. ಕೆಟ್ಟದ್ದೇ ಆದರೂ ಹೇಳಿ. ಗೊತ್ತಿದ್ದರೆ ತಡೆದುಕೊಳ್ಳಬಹುದು.

ಇನ್ನೊಂದು ವಿಷಯವನ್ನೂ ಯಾರೂ ಹೇಳಿರಲಿಲ್ಲ. ಮಾತು ಬಂದ ಮೇಲೂ ಮಿದುಳು ಹೊಸ ನೆನಪನ್ನು ಹಿಡಿದಿಟ್ಟುಕೊಳ್ಳದ ಒಂದು ಅವಧಿ ಇರುತ್ತದೆ. ಅವನು ನಮ್ಮ ಜೊತೆ ಮಾತಾಡುತ್ತಾನೆ, ನಗುತ್ತಾನೆ, ಸಂಜೆಗೆ ಅದ್ಯಾವುದೂ ಇರುವುದಿಲ್ಲ. ಈ ಅವಧಿ ಒಂದು ದಿನ ದಾಟಿದರೆ ಪೆಟ್ಟು ಗಂಭೀರ, ಒಂದು ವಾರ ದಾಟಿದರೆ ತುಂಬಾ ಗಂಭೀರ ಅಂತ ಲೆಕ್ಕ ಹಾಕುತ್ತಾರೆ. ಅಣ್ಣನದ್ದು ವಾರ ದಾಟಿ ಎಷ್ಟೋ ದೂರ ಹೋಗಿತ್ತು. ನಾವು ಅವನ ಮಂಚದ ಪಕ್ಕ ಕೂತು ಆಡಿದ ಮಾತು, ಹಿಡಿದ ಕೈ, ಕೊಟ್ಟ ಧೈರ್ಯ, ಯಾವುದೂ ಅವನಿಗೆ ಇವತ್ತಿಗೂ ನೆನಪಿಲ್ಲ. ನಮ್ಮ ಬದುಕಿನ ಅತಿ ಕಷ್ಟದ ದಿನಗಳು ಅವನ ಬದುಕಿನಲ್ಲಿ ಇಲ್ಲವೇ ಇಲ್ಲ. ಅವನ ಪಾಲಿಗೆ ಗಾಡಿ ಸ್ಟಾರ್ಟ್ ಮಾಡಿದ್ದು ಒಂದು ನೆನಪು, ಆಮೇಲೆ ನೇರ ಮನೆಯ ಹಾಸಿಗೆ. ಮಧ್ಯದ್ದನ್ನು ಹೊತ್ತವರು ನಾವು ಮಾತ್ರ. ಗಂಡ ಹೆಂಡಿರ ನಡುವೆ ಬಂದ ಮೊದಲ ಅಂತರ ಇದೇ ಅಂತ ನನಗೆ ಅನ್ನಿಸುತ್ತದೆ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಆದ ದಿನ ಎಲ್ಲರೂ ಕಷ್ಟ ಮುಗಿಯಿತು ಅಂದುಕೊಳ್ಳುತ್ತಾರೆ. ನಾವೂ ಅಂದುಕೊಂಡೆವು. ಗಾಯ ಮಾಗಿತ್ತು, ಕೂದಲು ಬೆಳೆದಿತ್ತು, ನೋಡಿದವರು "ಏನೂ ಆಗೇ ಇಲ್ಲ ಅನ್ನೋ ಹಾಗಿದ್ದಾನೆ" ಅಂದರು. ಆಮೇಲೆ ತೆಗೆಸಿದ ಸ್ಕ್ಯಾನ್ ಕೂಡ ಪರವಾಗಿಲ್ಲ ಅಂತ ಬಂತು. ತಲೆ ಜೋರಾಗಿ ತಿರುಗಿ ಹೊಡೆತ ಬಿದ್ದಾಗ ಮಿದುಳಿನೊಳಗಿನ ಸಣ್ಣ ಸಣ್ಣ ನರತಂತುಗಳು ಅಲ್ಲಲ್ಲಿ ಜಗ್ಗಿ ಹರಿಯುತ್ತವೆ. ಎಷ್ಟೋ ಸಲ ಸಿಟಿ ಸ್ಕ್ಯಾನಿನಲ್ಲಿ ಅದು ಕಾಣುವುದೇ ಇಲ್ಲ. ಪೆಟ್ಟು ಎಲ್ಲೇ ಬಿದ್ದಿರಲಿ, ಹಣೆಯ ಹಿಂದಿನ ಭಾಗ ಮತ್ತು ಕಿವಿಯ ಪಕ್ಕದ ಭಾಗಕ್ಕೆ ಜಾಸ್ತಿ ಏಟಾಗುತ್ತದೆ. ತಲೆಬುರುಡೆಯ ಒಳಗೆ ಅಲ್ಲಿನ ಮೂಳೆ ಒರಟು, ಏಣು ಏಣಾಗಿದೆ. ಮಿದುಳು ಸರಿದಾಡಿದಾಗ ಅಲ್ಲಿ ಉಜ್ಜಿಕೊಳ್ಳುತ್ತದೆ. ಹಣೆಯ ಹಿಂದಿನ ಆ ಭಾಗ ಮಾಡುವ ಕೆಲಸ ಹೊರಗಿನವರಿಗೆ ಕಾಣುವಂಥದ್ದಲ್ಲ. ಒಂದು ಕೆಲಸ ಶುರು ಮಾಡುವುದು, ಶುರು ಮಾಡಿದ್ದನ್ನು ನಿಲ್ಲಿಸುವುದು, ಬಾಯಿಗೆ ಬಂದದ್ದನ್ನು ತಡೆಯುವುದು, ಎದುರಿನವರ ಮುಖ ನೋಡಿ ಮನಸ್ಸು ತಿಳಿಯುವುದು. ಮನುಷ್ಯನ ಸ್ವಭಾವ ಅಂತ ನಾವು ಕರೆಯುವುದರಲ್ಲಿ ಎಷ್ಟೊಂದು ಇದೇ ಇದೆ ಅಲ್ವಾ?

ಒಂದು ಬೆಳಗ್ಗೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಣ್ಣ ಮಂಚದ ಅಂಚಿನಲ್ಲಿ ಕೂತಿದ್ದ. ಅಂಗಿ ತೊಟ್ಟಿದ್ದ. ಮೇಲಿನ ಎರಡು ಗುಂಡಿ ಹಾಕಿದ್ದ, ಮೂರನೆಯದು ಬೆರಳಿನ ನಡುವೆ ಇತ್ತು. ನಾನು ಕೋಣೆಗೆ ಹೋಗಿ ಬಟ್ಟೆ ಮಡಚಿಟ್ಟು ಹೊರಗೆ ಬಂದೆ, ಫೋನಿನಲ್ಲಿ ಮಾತು ಮುಗಿಸಿದೆ, ಮತ್ತೆ ಹೋದಾಗಲೂ ಮೂರನೆಯ ಗುಂಡಿ ಬೆರಳಿನ ನಡುವೆಯೇ ಇತ್ತು. "ಹಾಕ್ಕೊಳ್ಳಲ್ವಾ?" ಅಂದೆ. "ಹಾಕ್ಕೊಳ್ತೀನಿ" ಅಂದ. ಸಿಟ್ಟಿರಲಿಲ್ಲ, ಬೇಜಾರೂ ಇರಲಿಲ್ಲ. ಹಾಕಿಕೊಳ್ಳಲಿಲ್ಲ. ಅಮ್ಮ ಬಾಗಿಲಲ್ಲಿ ನಿಂತು, ಪಾಪ, ಮನಸ್ಸಿಗೆ ಬೇಜಾರಾಗಿದೆ ಅಂದಳು. ಅತ್ತಿಗೆ ಒಳಗಿನಿಂದಲೇ, ನಾನು ಬಂದು ಹಾಕ್ತೀನಿ ಅಂತ ಗೊತ್ತು, ಅದಕ್ಕೆ ಕೂತಿದ್ದಾರೆ ಅಂದಳು. ಒಂದೇ ಗುಂಡಿಗೆ ಇಬ್ಬರು ಎರಡು ಕಾರಣ ಕೊಟ್ಟರು. ಒಬ್ಬಳಿಗೆ ಅದು ದುಃಖ, ಒಬ್ಬಳಿಗೆ ಸೋಮಾರಿತನ. ನಿಜವಾದ ಕಾರಣ ತಿಂಗಳುಗಳ ನಂತರ ಒಬ್ಬ ಥೆರಪಿಸ್ಟ್ ಹೇಳಿದರು. ಕೆಲಸ ಮಾಡಬೇಕು ಅನ್ನುವುದು ಅವನಿಗೆ ಗೊತ್ತು. ಹೇಗೆ ಮಾಡಬೇಕು ಅನ್ನುವುದೂ ಗೊತ್ತು. ಗೊತ್ತಿರುವುದಕ್ಕೂ ಕೈ ಎದ್ದು ಮಾಡುವುದಕ್ಕೂ ನಡುವೆ ಒಂದು ತಳ್ಳು ಬೇಕು, ಆ ತಳ್ಳು ಅವನ ಮಿದುಳು ಕೊಡುತ್ತಿಲ್ಲ. "ಹಾಕಿಕೋ" ಅಂತ ಪಕ್ಕದಲ್ಲಿ ನಿಂತು ಒಂದೊಂದೇ ಗುಂಡಿಗೆ ಹೇಳಿದರೆ ಹಾಕುತ್ತಾನೆ. ಅವರು ಹೇಳಿದ ಹಾಗೇ ಆಯಿತು.

ಆ ವಿವರಣೆ ಅತ್ತಿಗೆಗೆ ಸಮಾಧಾನ ತಂದಿತು ಅಂತ ಬರೆಯುವ ಆಸೆ ನನಗೆ. ಪೂರ್ತಿ ತರಲಿಲ್ಲ. ಸೋಮಾರಿತನ ಆಗಿದ್ದರೆ ಜಗಳ ಮಾಡಿ ಸರಿ ಮಾಡಬಹುದಿತ್ತು. ಪೆಟ್ಟಿನಿಂದ ಆದದ್ದು ಅಂದಮೇಲೆ ಜಗಳ ಆಡುವ ಹಕ್ಕೂ ಹೋಯಿತು. ಗಂಡನ ಮೇಲೆ ಸಿಟ್ಟು ಮಾಡಿಕೊಳ್ಳಲು ಸಾಧ್ಯವಿಲ್ಲದ ಮದುವೆ ಎಷ್ಟು ಒಂಟಿ ಅಂತ ಅವಳನ್ನು ನೋಡಿ ತಿಳಿದೆ.

ಇದರ ಮೇಲೆ ಇನ್ನೊಂದು. ಅಣ್ಣನ ಪ್ರಕಾರ ಅವನಿಗೆ ಏನೂ ಆಗಿರಲಿಲ್ಲ. "ನನಗೇನಾಗಿದೆ? ನೀವೆಲ್ಲ ಸುಮ್ನೆ ಹೆದರಿಕೊಂಡಿದ್ದೀರಿ" ಅನ್ನುತ್ತಿದ್ದ. ಇದು ಹಟ ಅಲ್ಲ. ಮುಚ್ಚಿಡುವುದೂ ಅಲ್ಲ. ತನ್ನಲ್ಲಿ ಏನು ಕೆಟ್ಟಿದೆ ಅಂತ ನೋಡಬೇಕಾದದ್ದು ಅದೇ ಮಿದುಳು, ಪೆಟ್ಟಾಗಿರುವುದೂ ಅದಕ್ಕೇ. ಫ್ರೆಂಚ್ ನರವೈದ್ಯ ಬಾಬಿನ್‌ಸ್ಕಿ 1914ರಲ್ಲೇ ಇದಕ್ಕೆ ಅನೊಸಾಗ್ನೋಸಿಯಾ ಅಂತ ಹೆಸರಿಟ್ಟಿದ್ದರು. ಎಡಗೈ ಪೂರಾ ಬಿದ್ದುಹೋದವರೂ ನನ್ನ ಕೈ ಚೆನ್ನಾಗಿದೆ ಅನ್ನುವುದನ್ನು ಅವರು ನೋಡಿದ್ದರು. ಮನೆಯಲ್ಲಿ ಇದರ ಪರಿಣಾಮ ಏನಾಗುತ್ತದೆ ಗೊತ್ತಾ? ಅವನು ಆರಾಮಾಗಿರುತ್ತಾನೆ, ಉಳಿದವರೆಲ್ಲ ಅವನ ಸ್ವಾತಂತ್ರ್ಯ ಕಿತ್ತುಕೊಂಡ ಶತ್ರುಗಳಾಗುತ್ತಾರೆ. ಬೀಗದ ಕೈ ಮುಚ್ಚಿಡುವವರು, ಎಟಿಎಂ ಕಾರ್ಡ್ ಕೊಡದವರು, ಆಫೀಸಿಗೆ ಹೋಗಬೇಡ ಅನ್ನುವವರು.

ಒಂದು ಪ್ರಶ್ನೆ, ಎರಡು ಉತ್ತರ

"ಗಾಡಿ ಎಲ್ಲಿ?" ದಿನಾ ಬೆಳಗ್ಗೆ ಕೇಳುತ್ತಿದ್ದ. ಕೆಲವು ದಿನ ಮಧ್ಯಾಹ್ನ ಮತ್ತೆ ಕೇಳುತ್ತಿದ್ದ. ಅಮ್ಮನದು ಒಂದು ಉತ್ತರ: "ರಿಪೇರಿಗೆ ಕೊಟ್ಟಿದೆ ಮಗಾ, ಬರುತ್ತೆ." ಅತ್ತಿಗೆಯದು ಇನ್ನೊಂದು: "ನಿಮಗೆ ಆಕ್ಸಿಡೆಂಟ್ ಆಯ್ತು. ಗಾಡಿ ಇಲ್ಲ." ಅಮ್ಮನ ಉತ್ತರ ಕೇಳಿದರೆ ಸುಮ್ಮನಾಗುತ್ತಿದ್ದ. ಅತ್ತಿಗೆಯ ಉತ್ತರ ಕೇಳಿದರೆ ಪ್ರತಿ ಸಲವೂ ಹೊಸದಾಗಿ ಬೆಚ್ಚುತ್ತಿದ್ದ. ಯಾವಾಗ? ಎಲ್ಲಿ? ಇನ್ಯಾರಿಗಾದರೂ ಏಟಾಯಿತಾ? ಎಲ್ಲಾ ಮತ್ತೆ ಮೊದಲಿನಿಂದ. ಅಮ್ಮನಿಗೆ ಇದು ಕ್ರೂರ ಅನ್ನಿಸಿತು. ಅತ್ತಿಗೆಗೆ ಅಮ್ಮ ಮಗನನ್ನು ಸುಳ್ಳಿನಲ್ಲಿ ಮುಳುಗಿಸಿಡುತ್ತಿದ್ದಾಳೆ ಅನ್ನಿಸಿತು. ಮನೆಯಲ್ಲಿ ಮಾತು ಬಿಟ್ಟರು. ಒಂದೇ ಮನುಷ್ಯನಿಗಾಗಿ ನಿದ್ದೆಗೆಟ್ಟ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡದೆ ಓಡಾಡಿದರು.

ಆಗ ನಾನು ಯಾರ ಉತ್ತರ ಸರಿ ಅಂತ ಯೋಚಿಸುತ್ತಿದ್ದೆ. ಈಗ ಹಾಗೆ ಕೇಳುವುದಿಲ್ಲ. ಅಮ್ಮನ ಲೆಕ್ಕದಲ್ಲಿ ಮಗ ರಿಪೇರಿಯಲ್ಲಿದ್ದ. ಅವಳು ಒಮ್ಮೆ ಅವನನ್ನು ಮಗುವಿನಿಂದ ದೊಡ್ಡವನನ್ನಾಗಿ ಮಾಡಿದ್ದಾಳೆ. ನಡೆಸಿದ್ದಾಳೆ, ತಿನ್ನಿಸಿದ್ದಾಳೆ, ಬಟ್ಟೆ ಹಾಕಿದ್ದಾಳೆ. ಮತ್ತೊಮ್ಮೆ ಅದನ್ನೇ ಮಾಡಬಲ್ಲೆ ಎಂಬ ಧೈರ್ಯ ಅವಳಿಗಿತ್ತು. ಅತ್ತಿಗೆಗೆ ಅಂಥ ಹಳೆಯ ಪಾತ್ರ ಯಾವುದೂ ಇರಲಿಲ್ಲ. ಅವಳು ಕಳೆದುಕೊಂಡದ್ದು ಸರಿಸಮ ಕೂತು ಸಂಸಾರದ ಮಾತಾಡುವ ಜೊತೆಗಾರನನ್ನು. ಮಗನ ಫೀಸು, ಸಾಲದ ಕಂತು, ರಾತ್ರಿಯ ಹೆದರಿಕೆ ಎಲ್ಲಕ್ಕೂ ಅವಳೊಬ್ಬಳೇ ಉಳಿದಳು. ಸುಳ್ಳಿನ ಜೊತೆ ಬದುಕುವ ಶಕ್ತಿ ಅವಳಲ್ಲಿರಲಿಲ್ಲ. ಅವಳ ಕಾಲ ಕೆಳಗೆ ಗಟ್ಟಿ ಇದ್ದದ್ದು ಆ ಒಂದು ಸತ್ಯ ಮಾತ್ರ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮ್ಯೂರಿಯಲ್ ಲೆಜಾಕ್ 1978ರಲ್ಲೇ ಇಂಥ ಕುಟುಂಬಗಳ ಬಗ್ಗೆ ಬರೆದಿದ್ದರು. ಇಂಥ ಸಂಗಾತಿಗೆ ಮನಸಾರೆ ಅಳುವುದಕ್ಕೂ ಸಮಾಜದಲ್ಲಿ ಜಾಗ ಇಲ್ಲ ಅನ್ನುವುದು ಅವರು ಕಂಡ ಸಂಗತಿ. ಅದನ್ನು ಓದಿ ಹೇಳಿದಾಗ ಅತ್ತಿಗೆ, "ಇನ್ನೊಂದು ಸಲ ಓದು" ಅಂದಳು.

ಜಗಳವನ್ನು ಬಿಡಿಸಿದವನು ನನ್ನ ಅಣ್ಣನ ಮಗ. ಹೈಸ್ಕೂಲಿನ ಹುಡುಗ. ಅಪ್ಪ ಸ್ನೇಹಿತರ ಮುಂದೆ ಏನು ಮಾತಾಡುತ್ತಾನೋ ಅಂತ ಹೆದರಿ ಸ್ನೇಹಿತರನ್ನು ಮನೆಗೆ ಕರೆಯುವುದನ್ನೇ ನಿಲ್ಲಿಸಿದ್ದ. ಮಕ್ಕಳ ವಿಷಯದಲ್ಲಿ ನಮ್ಮ ಗಮನ ಎಷ್ಟು ಕಡಿಮೆ ಇರುತ್ತದೆ ಅಂದರೆ, ಅದು ನಮಗೆ ತಿಳಿದದ್ದೂ ಶಾಲೆಯಿಂದ. ಒಂದು ಭಾನುವಾರ ಅವನು ಒಂದು ಬಿಳಿ ಬೋರ್ಡ್ ತಂದು ಅಪ್ಪನ ಮಂಚದ ಎದುರು ಮೊಳೆ ಹೊಡೆದು ನೇತುಹಾಕಿದ. ದೊಡ್ಡ ಅಕ್ಷರದಲ್ಲಿ ಬರೆದ: "ಅಪ್ಪ, ನಿನಗೆ ಬೈಕ್ ಆಕ್ಸಿಡೆಂಟ್ ಆಗಿತ್ತು. ನಿನ್ನ ತಲೆಗೆ ಪೆಟ್ಟಾಗಿದೆ. ಬೇರೆ ಯಾರಿಗೂ ಏನೂ ಆಗಿಲ್ಲ. ಗಾಡಿ ಈಗ ಇಲ್ಲ. ನಾವೆಲ್ಲ ಚೆನ್ನಾಗಿದ್ದೇವೆ." ಅಮ್ಮ "ಆಕ್ಸಿಡೆಂಟ್" ಅನ್ನುವುದನ್ನು ಅಳಿಸಬೇಕು ಅಂತ ಹಟ ಹಿಡಿದಳು. ಹುಡುಗ ಒಪ್ಪಲಿಲ್ಲ. "ಅಜ್ಜಿ, ಅಪ್ಪ ಕೇಳೋದು ಗಾಡಿ ಬಗ್ಗೆ ಅಲ್ಲ. ನಾನ್ಯಾಕೆ ಇಲ್ಲಿದ್ದೀನಿ ಅಂತ ಕೇಳ್ತಿದ್ದಾರೆ" ಅಂದ. ಅಮ್ಮ ಏನೂ ಹೇಳದೆ ಒಳಗೆ ಹೋದಳು. ಆದರೆ ಬೋರ್ಡ್ ಉಳಿಯಿತು. ಅಣ್ಣ ಪ್ರಶ್ನೆ ಕೇಳಿದಾಗ ಯಾರಿದ್ದರೂ ಬೋರ್ಡ್ ಕಡೆ ಕೈ ತೋರಿಸುವುದು ಅಂತಾಯಿತು. ಅವನೇ ಓದಿಕೊಳ್ಳುತ್ತಿದ್ದ. ನೆನಪು ಕೈಕೊಟ್ಟವರಿಗೆ ಎಲ್ಲರೂ ಒಂದೇ ಉತ್ತರ ಕೊಡಬೇಕು, ಬರೆದಿಟ್ಟರೆ ಇನ್ನೂ ಒಳ್ಳೆಯದು ಅಂತ ಥೆರಪಿಸ್ಟ್‌ಗಳು ಹೇಳುತ್ತಾರೆ. ಹುಡುಗನಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಕೆಲವು ವಾರಗಳ ನಂತರ ಅಣ್ಣ ಕೇಳುವ ಮೊದಲೇ ಬೋರ್ಡ್ ನೋಡುವುದನ್ನು ರೂಢಿ ಮಾಡಿಕೊಂಡ. ಅಮ್ಮ ಮತ್ತು ಅತ್ತಿಗೆ ಮತ್ತೆ ಮಾತಾಡಲು ಶುರು ಮಾಡಿದ್ದು ಆ ಬೋರ್ಡಿನ ಕೆಳಗೆ ದಿನದ ಕೆಲಸ ಬರೆಯುವ ನೆಪದಲ್ಲಿ.

ಗೇಜ್‌ನ ತಾಯಿ

ತಲೆಯ ಪೆಟ್ಟಿನ ಬಗ್ಗೆ ಏನು ಓದಿದರೂ ಫಿನಿಯಸ್ ಗೇಜ್ ಬಂದೇ ಬರುತ್ತಾನೆ. 1848ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಳಿಗಾಗಿ ಬಂಡೆ ಸಿಡಿಸುವಾಗ ಕಬ್ಬಿಣದ ಸಲಾಕೆ ಅವನ ಕೆನ್ನೆಯಿಂದ ಹೊಕ್ಕು ನೆತ್ತಿಯಿಂದ ಹೊರಬಿತ್ತು. ಅವನು ಬದುಕಿದ. ಆದರೆ ಸ್ವಭಾವ ಬದಲಾಯಿತು. ಅವನು ಇನ್ನು ನಮ್ಮ ಗೇಜ್ ಅಲ್ಲ ಅಂತ ಸ್ನೇಹಿತರು ಹೇಳಿದ್ದನ್ನು ಅವನಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಹಾರ್ಲೋ ಬರೆದಿಟ್ಟರು. ಆ ಮಾತು ಜಗತ್ತಿಗೆಲ್ಲ ಗೊತ್ತು. ಅವನ ತಾಯಿಯ ಬಗ್ಗೆ ಮಾತ್ರ ಯಾರೂ ಹೇಳುವುದಿಲ್ಲ.

ಹಾರ್ಲೋಗೆ ಗೇಜ್‌ನ ನಂತರದ ಬದುಕಿನ ವಿವರ ಸಿಕ್ಕಿದ್ದೇ ಆ ತಾಯಿಯಿಂದ. ಅವನು ಹಲವು ವರ್ಷ ಚಿಲಿ ದೇಶದಲ್ಲಿ ಕುದುರೆ ಗಾಡಿ ಓಡಿಸಿದ. ಆರೋಗ್ಯ ಕೆಟ್ಟ ಮೇಲೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದ ತಾಯಿಯ ಹತ್ತಿರ ಬಂದ. 1860ರಲ್ಲಿ ಅಲ್ಲೇ ಫಿಟ್ಸ್ ಬಂದು ತೀರಿಕೊಂಡ. ತಂಗಿ ತಮ್ಮಂದಿರ ಮಕ್ಕಳಿಗೆ ಅವನು ತಾನು ಪಾರಾದ ಸಾಹಸಗಳ ಕಥೆ ಕಟ್ಟಿ ಹೇಳುತ್ತಿದ್ದ, ಮಕ್ಕಳು, ಕುದುರೆ, ನಾಯಿ ಅಂದರೆ ಅವನಿಗೆ ಪ್ರಾಣ ಅಂತ ತಾಯಿ ಹೇಳಿದ್ದಳು. ಸ್ನೇಹಿತರು ಕಳೆದುಹೋದ ಗೇಜ್‌ನನ್ನು ಕಂಡರು. ತಾಯಿ ಮಕ್ಕಳಿಗೆ ಕಥೆ ಹೇಳುವ ಗೇಜ್‌ನನ್ನೂ ಕಂಡಳು. ನಾನು ಇಬ್ಬರನ್ನೂ ನಂಬುತ್ತೇನೆ. ನಮ್ಮ ಮನೆಯಲ್ಲೂ ಹೀಗೇ ಆಯಿತು. ಒಂದು ಮನೆಯವರೆಲ್ಲ ಒಂದೇ ಮನುಷ್ಯನನ್ನು ಕಳೆದುಕೊಳ್ಳುವುದಿಲ್ಲ. ಒಬ್ಬರು ಗಂಡನನ್ನು, ಒಬ್ಬರು ಅಪ್ಪನನ್ನು, ನಾನು ಫೋನಿನಲ್ಲಿ ಗಂಟೆಗಟ್ಟಲೆ ವಾದ ಮಾಡುತ್ತಿದ್ದ ಅಣ್ಣನನ್ನು. ಒಬ್ಬರಿಗೆ ಸಮಾಧಾನ ಆದ ದಿನ ಇನ್ನೊಬ್ಬರಿಗೆ ಆಗಿರುವುದಿಲ್ಲ. ಅಮ್ಮ ನಗುತ್ತಿದ್ದರೆ ಅತ್ತಿಗೆಗೆ ಸಿಟ್ಟು ಬರುತ್ತಿತ್ತು, ಅತ್ತಿಗೆ ಅತ್ತರೆ ಅಮ್ಮನಿಗೆ ಸಿಟ್ಟು ಬರುತ್ತಿತ್ತು. ಅದರಲ್ಲಿ ಪ್ರೀತಿಯ ಕೊರತೆ ಏನೂ ಇರಲಿಲ್ಲ.

ಬಾಯಿ ಬಿಟ್ಟು ಹೇಳದ ಮಾತು

ಇದನ್ನು ಬರೆಯಲೇಬೇಕು, ಯಾಕಂದರೆ ಯಾರೂ ಬರೆಯುವುದಿಲ್ಲ. ತಲೆಗೆ ಪೆಟ್ಟಾದವರನ್ನು ನೋಡಿಕೊಳ್ಳುವವರ ಮನಸ್ಸಿಗೆ ಒಂದಲ್ಲ ಒಂದು ರಾತ್ರಿ, ಅಂದೇ ಹೋಗಿದ್ದರೆ ಚೆನ್ನಾಗಿತ್ತೇನೋ ಎಂಬ ಯೋಚನೆ ಬಂದುಬಿಡಬಹುದು. ಬಂದ ಕೂಡಲೇ ತಾನು ರಾಕ್ಷಸಿ ಅನ್ನಿಸುತ್ತದೆ. ಅತ್ತಿಗೆ ನನಗೆ ಇದನ್ನು ಕತ್ತಲಲ್ಲಿ, ಮೆಟ್ಟಿಲ ಮೇಲೆ ಕೂತು, ನನ್ನ ಕಡೆ ನೋಡದೆ ಹೇಳಿದಳು. ನನಗೂ ಬಂದಿತ್ತು ಅಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಆ ಯೋಚನೆ ಬಂದಮಾತ್ರಕ್ಕೆ ಅವನು ಸಾಯಲಿ ಅಂತ ಬಯಸಿದ ಹಾಗಲ್ಲ. ಈ ಕಷ್ಟ ನಿಲ್ಲಲಿ ಅಂತ ಬಯಸುವುದು ಅದು. ಅದನ್ನು ಇನ್ನೊಬ್ಬರ ಎದುರು ಹೇಳಿದ ಮೇಲೆ ಅದರ ಭಾರ ಅರ್ಧಕ್ಕರ್ಧ ಇಳಿಯಿತು. ಆದರೆ ಯೋಚನೆ ತನ್ನ ಜೀವದ ಕಡೆಗೇ ತಿರುಗುತ್ತಿದ್ದರೆ, ನಿದ್ದೆ ಊಟ ಬಿಟ್ಟುಹೋಗಿದ್ದರೆ, ಅದಕ್ಕೆ ಮೆಟ್ಟಿಲ ಮೇಲಿನ ಮಾತು ಸಾಲದು. ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು. ನೋಡಿಕೊಳ್ಳುವವರಲ್ಲಿ ಖಿನ್ನತೆ ತುಂಬಾ ಸಾಮಾನ್ಯ. ಎಲ್ಲರ ಕಣ್ಣೂ ಪೆಟ್ಟಾದವನ ಮೇಲಿರುವುದರಿಂದ ಅದು ಯಾರಿಗೂ ಕಾಣುವುದಿಲ್ಲ.

ಇನ್ನೊಂದು ಮಾತು. ಎಲ್ಲವನ್ನೂ "ಪೆಟ್ಟಿನಿಂದ ಹಾಗೆ ಮಾಡ್ತಾನೆ" ಅಂತ ಸಹಿಸಿಕೊಂಡು ಹೋಗಬೇಕು ಅನ್ನುವವರ ಜೊತೆ ನನ್ನ ಒಪ್ಪಿಗೆ ಇಲ್ಲ. ಕಾರಣ ಪೆಟ್ಟೇ ಇರಬಹುದು. ಆದರೂ ಕೈ ಎತ್ತಿದರೆ ಏಟು ಬೀಳುವುದು ಎದುರಿಗಿರುವವರಿಗೆ. ಅಣ್ಣ ಒಂದು ಸಂಜೆ ಮಗನ ಮೇಲೆ ಕುರ್ಚಿ ಎತ್ತಿದ. ಟಿವಿ, ಫೋನು, ಅಡುಗೆಮನೆಯ ಸದ್ದು ಎಲ್ಲಾ ಒಟ್ಟಿಗೆ ಇದ್ದ ಹೊತ್ತು ಅದು. ದಣಿದ ಮಿದುಳು ಅಷ್ಟು ಸದ್ದನ್ನು ಬೇರೆ ಬೇರೆ ಮಾಡಿ ಕೇಳಲಾರದು, ರೇಗುತ್ತದೆ. ಅಂದಿನಿಂದ ಸಂಜೆ ಹೊತ್ತು ಟಿವಿ ಇಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಮಾತಾಡುವುದಿಲ್ಲ. ಅವನು ಮಧ್ಯಾಹ್ನ ಮಲಗುತ್ತಾನೆ. ದನಿ ಏರಿತು ಅಂದರೆ ಹುಡುಗ ವಾದ ಮಾಡದೆ ಬೇರೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ. ಹೀಗೆ ಮಾಡು ಅಂತ ಅವನಿಗೆ ನಾವು ಬಾಯಿಬಿಟ್ಟು ಹೇಳಿದ್ದೇವೆ. ಅಪ್ಪನನ್ನು ಬಿಟ್ಟುಹೋದ ಹಾಗೆ ಆಗುವುದಿಲ್ಲ ಅಂತಲೂ ಹೇಳಿದ್ದೇವೆ. ಮಕ್ಕಳಿಗೆ ಈ ಎರಡನೆಯದು ಜಾಸ್ತಿ ಬೇಕು.

ಸಮಯ ಎಲ್ಲವನ್ನೂ ಸರಿಮಾಡುತ್ತದೆ ಅನ್ನುತ್ತಾರೆ. ಗ್ಲಾಸ್ಗೋದಲ್ಲಿ ನೀಲ್ ಬ್ರೂಕ್ಸ್ ಮತ್ತು ಸಂಗಡಿಗರು ತಲೆಗೆ ಗಂಭೀರ ಪೆಟ್ಟಾದವರ ಮನೆಯವರನ್ನು ಐದು ವರ್ಷಗಳ ಕಾಲ ಗಮನಿಸಿ 1986ರಲ್ಲಿ ಬರೆದರು. ಮನೆಯವರ ಮೇಲಿನ ಭಾರ ಮೊದಲ ವರ್ಷಕ್ಕಿಂತ ಐದನೇ ವರ್ಷದಲ್ಲಿ ಜಾಸ್ತಿ ಇತ್ತು. ಕೈಕಾಲಿನ ತೊಂದರೆಗಿಂತ ಸ್ವಭಾವದ ಬದಲಾವಣೆ ಮನೆಯವರನ್ನು ಹೆಚ್ಚು ಕುಗ್ಗಿಸಿತ್ತು. ನನಗೆ ಇದು ಆಶ್ಚರ್ಯ ಅನ್ನಿಸಲಿಲ್ಲ. ಮೊದಲ ವರ್ಷ ಮನೆ ತುಂಬಾ ಜನ. ಚೇತರಿಕೆಯೂ ಕಣ್ಣಿಗೆ ಕಾಣುವಷ್ಟು ಬೇಗ ಆಗುತ್ತಿರುತ್ತದೆ. ಆಮೇಲೆ ಅದು ನಿಧಾನ ಆಗುತ್ತದೆ, ಜನ ಬರುವುದೂ ನಿಲ್ಲುತ್ತದೆ. ಅದಕ್ಕೇ ಹೇಳುತ್ತೇನೆ, ನಿಮಗೆ ಗೊತ್ತಿರುವ ಇಂಥ ಮನೆ ಇದ್ದರೆ ಮೂರನೇ ವರ್ಷ, ನಾಲ್ಕನೇ ವರ್ಷ ಹೋಗಿ. ಎರಡು ಗಂಟೆ ಅವನ ಜೊತೆ ನೀವು ಕೂತುಕೊಳ್ಳಿ, ಅವಳು ಹೊರಗೆ ಹೋಗಿ ಬರಲಿ. ಎಲ್ಲಿಗೆ ಅಂತ ಕೇಳಬೇಡಿ. ಮತ್ತು ಇಂಥದ್ದೇ ಮನೆಯ ಇನ್ನೊಬ್ಬರು ನಿಮಗೆ ಗೊತ್ತಿದ್ದರೆ ಪರಿಚಯ ಮಾಡಿಕೊಡಿ. ತಲೆಗೆ ಪೆಟ್ಟಾದವರಿಗೆ, ಅವರ ಮನೆಯವರಿಗೆ ನೆರವಾಗುವ ಬ್ರಿಟನ್ನಿನ ಹೆಡ್‌ವೇ ಸಂಸ್ಥೆ 1979ರಲ್ಲಿ ಶುರುವಾಯಿತು. ಅಮೆರಿಕದಲ್ಲಿ 1980ರಲ್ಲಿ ಇಂಥದ್ದೇ ಸಂಸ್ಥೆ ಕಟ್ಟಿದ್ದು, ಮಗಳ ತಲೆಗೆ ಪೆಟ್ಟಾದ ಒಬ್ಬ ತಾಯಿ. ಅತ್ತಿಗೆಗೆ ಸಿಕ್ಕಿದ್ದು ಅಂಥ ದೊಡ್ಡ ಸಂಸ್ಥೆಯೇನಲ್ಲ, ಅದೇ ಕಷ್ಟದ ಇನ್ನೊಬ್ಬ ಹೆಂಗಸಿನ ಫೋನ್ ನಂಬರ್. ಅವರಿಬ್ಬರೂ ಮಾತಾಡುವಾಗ ನಾನು ಪಕ್ಕದಲ್ಲಿದ್ದರೂ ನನಗೆ ಅರ್ಧ ಅರ್ಥ ಆಗುವುದಿಲ್ಲ. ಅರ್ಧ ವಾಕ್ಯಕ್ಕೇ ಇಬ್ಬರೂ "ಹೂಂ" ಅನ್ನುತ್ತಾರೆ.

"ನಾನು ಮೊದಲು ಹೇಗಿದ್ದೆ?"

ಈಚೆಗೆ ಅಣ್ಣ ಕೇಳಲು ಶುರು ಮಾಡಿರುವುದು ಇದನ್ನು. ಏನೂ ಆಗಿಲ್ಲ ಅನ್ನುತ್ತಿದ್ದವನಿಗೆ ಏನೋ ಆಗಿದೆ ಅಂತ ಕಾಣತೊಡಗಿದೆ. ನಮಗೆ ಖುಷಿಯಾಯಿತು. ಡಾಕ್ಟರು ಎಚ್ಚರಿಸಿದರು: ಕಳೆದುಕೊಂಡದ್ದು ಕಣ್ಣಿಗೆ ಬಿದ್ದಾಗಲೇ ದುಃಖವೂ ಬರುತ್ತದೆ, ಗಮನ ಇರಲಿ. ಅವರು ಹೇಳಿದ ಹಾಗೆ ಕೆಲವು ದಿನ ಅವನು ಗೋಡೆ ಕಡೆ ತಿರುಗಿ ಮಲಗಿರುತ್ತಾನೆ. ಈಗ ಅವನೂ ಒಬ್ಬ ಆಪ್ತಸಮಾಲೋಚಕರ ಹತ್ತಿರ ಹೋಗುತ್ತಾನೆ. ಅಷ್ಟು ದಿನ ನಾವು ಮಾತ್ರ ಮಾಡುತ್ತಿದ್ದ ದುಃಖಕ್ಕೆ ಅವನೂ ಬಂದು ಸೇರಿದ್ದಾನೆ. ವಿಚಿತ್ರ ಅನ್ನಿಸಬಹುದು, ಅದರಿಂದ ಮನೆಗೆ ಸ್ವಲ್ಪ ಉಸಿರು ಬಂದಿದೆ.

ಅವನ ಪ್ರಶ್ನೆಗೆ ಉತ್ತರ ಮಾತ್ರ ನಮ್ಮಲ್ಲಿ ಒಂದೇ ಇಲ್ಲ. ಅಮ್ಮ ಹೇಳುವ ಮಗನಲ್ಲಿ ಒಂದು ದೋಷವೂ ಇಲ್ಲ. ಹುಡುಗ, ನೀನು ಲೆಕ್ಕ ಚೆನ್ನಾಗಿ ಹೇಳಿಕೊಡ್ತಿದ್ದೆ, ಆದರೆ ಬೇಗ ತಾಳ್ಮೆ ಕಳ್ಕೊಳ್ತಿದ್ದೆ ಅಂದ. ನಾನು, ನೀನು ಎದುರಿನವರ ಮಾತು ಮುಗಿಯೋಕೆ ಬಿಡ್ತಿರಲಿಲ್ಲ, ಈಗ ಕಾಯ್ತೀಯ ಅಂದೆ. ಈಗ ಅವನು ಕಾಯುವುದು ಮಿದುಳು ನಿಧಾನ ಆಗಿರುವುದರಿಂದ ಇರಬಹುದು. ಆದರೂ ಅವನ ಜೊತೆ ಕೂತು ಮಾತಾಡುವುದು ನನಗೆ ಇಷ್ಟ. ಈ ಅಣ್ಣನ ಪರಿಚಯ ನನಗೆ ಇನ್ನೂ ಆಗುತ್ತಿದೆ. ಅವನು ಇದನ್ನೆಲ್ಲ ತನ್ನ ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೆ ಒಂದು ಬರೆದುಕೊಂಡ. ನಡುವೆ ತಾನೇ ಒಂದು ಸಾಲು ಸೇರಿಸಿದ: "ಮನೆಗೆಲಸದಲ್ಲಿ ಸಹಾಯ ಮಾಡುತ್ತಿದ್ದೆ." ಅತ್ತಿಗೆ ಓದಿ ಪೆನ್ನು ತೆಗೆದುಕೊಂಡು ಆ ಸಾಲನ್ನು ಹೊಡೆದುಹಾಕಿದಳು. ಅಣ್ಣ ಒಪ್ಪಲಿಲ್ಲ. ಪಾತ್ರೆ ತೊಳೆದದ್ದು ನನಗೆ ನೆನಪಿದೆ ಅಂದ. ಅವಳು ಯಾವಾಗ, ಒಂದು ಸಲ ಹೇಳಿ ನೋಡೋಣ ಅಂದಳು. ಇಬ್ಬರೂ ದನಿ ಏರಿಸಿ ವಾದಕ್ಕೆ ಬಿದ್ದರು. ಹಳೆಯ ನೆನಪುಗಳು ಅವನಲ್ಲಿ ಚೆನ್ನಾಗಿಯೇ ಉಳಿದಿವೆ, ಅವಳೂ ಸುಲಭಕ್ಕೆ ಬಿಡುವವಳಲ್ಲ. ಹುಡುಗ ಒಂದು ಸಲ ಇಬ್ಬರ ಮುಖ ನೋಡಿ, ಬೇರೆ ಕೋಣೆಗೆ ಹೋಗದೆ ಅಲ್ಲೇ ಕೂತು ಓದುವುದನ್ನು ಮುಂದುವರಿಸಿದ.